ತೋಟಗಾರನು ಒಲ್ಲೆನೆನ್ನಬೇಕಾದ ಗಿಡಗಳು

ತೋಟದಲ್ಲಿ ಯಾವುದನ್ನು ಬೆಳೆಸಬೇಕೆಂಬ ವಿಷಯದಲ್ಲಿ ತಜ್ಞರ ಸಲಹೆಗೂ ಗ್ರಂಥಗಳಿಗೂ ಕೊರತೆಯಿಲ್ಲ. ಯಾವುದನ್ನು ಬೆಳೆಸಬಾರದೆಂಬ ವಿಷಯದಲ್ಲಿ ಮಾತ್ರ ತೋಟಗಾರನು ಹಿರಿಯರಿಂದ ಕೇಳಿದ ಮಾತನ್ನೇ ಪ್ರಮಾಣವೆಂದು ನಂಬಿ ನಡೆಯುತ್ತಾನೆ. ಆ ನಂಬಿಕೆಯ ಫಲವಾಗಿ ನಿರಪರಾಧಿಗಳಾದ ಗಿಡಗಳು ಬೇಲಿಯ ಹೊರಗೆ ಉಳಿದಿವೆ; ಅಪರಾಧಿಗಳು ರಾಜಮರ್ಯಾದೆಯೊಡನೆ ಒಳಗೆ ಬಂದಿವೆ.

ಎಕ್ಕದ ಗತಿಯನ್ನೇ ನೋಡಬಹುದು. ‘ಎಕ್ಕ ಹುಟ್ಟಿ ಹೋಗಲಿ’ ಎಂಬುದು ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲದಿಂದ ಕೇಳಿಬರುವ ಶಾಪ. ಹಾಳುಬಿದ್ದ ಮನೆಯಂಗಳದಲ್ಲಿ ಎಕ್ಕ ತಾನಾಗಿ ಹುಟ್ಟುವುದು ನಿಜ. ಆದರೆ ಮನೆ ಹಾಳಾದ ಮೇಲೆ ಗಿಡ ಬಂದಿತೇ ಹೊರತು, ಗಿಡ ಬಂದುದರಿಂದ ಮನೆ ಹಾಳಾಗಲಿಲ್ಲ. ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯವೆಂಬ ಎಚ್ಚರಿಕೆಯಲ್ಲಿ ಹುರುಳಿದೆ. ಉಳಿದಂತೆ, ಕಡುಬೇಸಿಗೆಯಲ್ಲಿಯೂ ಹೂಬಿಟ್ಟು ಭ್ರಮರಗಳಿಗೆ ಮಧುವನ್ನೂ, ಕಿತ್ತಳೆ ಬಣ್ಣದ ಚಿಟ್ಟೆಗಳ ಮರಿಹುಳುಗಳಿಗೆ ಎಲೆಯನ್ನೂ ಒದಗಿಸುವ ಈ ಗಿಡ ಯಾರಿಗೂ ಕೇಡು ಬಗೆದಿಲ್ಲ. ಪೂಜೆಯ ವೇಳೆಗೆ ಅದರ ಹೂವನ್ನು ಹುಡುಕಿಕೊಂಡು ಊರಾಚೆ ಹೋಗುವವರೇ, ಅದು ಅಂಗಳದಲ್ಲಿ ಮೊಳೆತರೆ ಹಾರೆ ಹಿಡಿಯುತ್ತಾರೆ. ತುಂಬೆಯ ಪಾಡೂ ಹೆಚ್ಚುಕಡಿಮೆ ಇದೇ.

ವಿಷದ ಗಿಡಗಳ ವಿಷಯದಲ್ಲಿಯೂ ಇಂಥ ಗೊಂದಲವುಂಟು. ಉಮ್ಮತ್ತಿಯನ್ನು ಶಾಲೆಯ ಆವರಣದಲ್ಲಿ ಯಾವ ಅಧ್ಯಾಪಕರೂ ಉಳಿಸಲಾರರು; ಅದು ಯುಕ್ತವೇ. ಆದರೆ ಅದೇ ಆವರಣದ ಹಾದಿಯ ಇಕ್ಕೆಲಗಳಲ್ಲಿ ಕಣಗಿಲೆಯ ಸಾಲು ನಗುತ್ತಿರುತ್ತದೆ. ಕಣಗಿಲೆಯ ಎಲೆ, ಹೂ, ಕಾಂಡಗಳೆಲ್ಲವೂ ಹೃದಯದ ಬಡಿತವನ್ನು ಕೆಡಿಸಬಲ್ಲ ವಿಷವನ್ನು ಹೊಂದಿವೆಯೆಂಬುದು ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದಿದೆ. ಹೂವಿನ ಚೆಲುವು ಈ ವಿಚಾರವನ್ನು ಮರೆಸಿದೆಯಷ್ಟೆ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೊಂದಿದೆ. ವಿಷದ ಗಿಡದ ಹಾನಿ ಅದನ್ನು ಬಾಯಿಗಿಟ್ಟವನಿಗೆ. ಬೇಲಿ ಹಾರಿ ಹೋಗುವ ಗಿಡದ ಹಾನಿ ಅದನ್ನು ಎಂದೂ ಬಯಸದ ನೆಲಕ್ಕೆ. ಲಂಟಾನದ ಕಥೆ ಇದಕ್ಕೆ ಉಜ್ವಲ ನಿದರ್ಶನ. ಅಮೆರಿಕ ಖಂಡದ ಉಷ್ಣಪ್ರದೇಶಗಳಿಗೆ ಸೇರಿದ ಈ ಪೊದೆಯು ೧೮೦೯ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದಿತು. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ತೋರುವ ಹೂವಿಗೆ ಮಾರುಹೋಗದವರಾರು? ಉದ್ಯಾನದಿಂದ ಬಂಗಲೆಗಳಿಗೆ, ಬಂಗಲೆಗಳಿಂದ ಬೇಲಿಗಳಿಗೆ ಅದು ಹಬ್ಬಿತು. ಅದರ ಕಪ್ಪು ಹಣ್ಣನ್ನು ತಿಂದ ಪಿಕಳಾರವೇ ಮೊದಲಾದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು. ೨೦೨೦ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಭಾರತದಲ್ಲಿ ಹುಲಿಗಳಿರುವ ಅರಣ್ಯಪ್ರದೇಶದ ಶೇಕಡ ೪೦ಕ್ಕೂ ಹೆಚ್ಚು ಭಾಗವನ್ನು ಲಂಟಾನ ಆಕ್ರಮಿಸಿದೆ. ಅದರ ಪೊದೆಯ ಕೆಳಗೆ ಹುಲ್ಲು ಬೆಳೆಯದು. ಹುಲ್ಲಿಲ್ಲದೆಡೆ ಜಿಂಕೆಗೂ ಕಡವೆಗೂ ಮೇವಿಲ್ಲ. ಮೇವು ಸಿಗದೆ ಅದನ್ನೇ ತಿಂದ ದನಕರುಗಳ ಯಕೃತ್ತು ಕೆಡುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ಮತ್ತೊಂದು ಕಾರಣವನ್ನೂ ಹೇಳುತ್ತಾರೆ. ಬೇಸಿಗೆಯ ಆರಂಭದಲ್ಲಿ ನೆಲದ ಒಣಗಿದೆಲೆಯನ್ನಷ್ಟೇ ಸುಡುವ ತರಗುಬೆಂಕಿಯನ್ನು ಹಾಕುವ ಪದ್ಧತಿ ಅವರಲ್ಲಿತ್ತು. ೧೯೭೪ರಲ್ಲಿ ಆ ಕಾಡು ವನ್ಯಜೀವಿಧಾಮವಾದ ಬಳಿಕ ಅದು ನಿಂತಿತು. ಲಂಟಾನದ ಎಳೆಯ ಸಸಿಗಳನ್ನು ಅಳಿಸುತ್ತಿದ್ದ ಬೆಂಕಿ ಇಲ್ಲವಾಗಿ ಪೊದೆ ಬಲಿಯಿತೆಂಬುದು ಅವರ ವಾದ. ವಿದ್ವಾಂಸರಲ್ಲಿ ಈ ಬಗ್ಗೆ ಚರ್ಚೆಯುಂಟು. ಕಾಡಿನಲ್ಲಿ ಬಾಳಿದವರ ಮಾತನ್ನು ಹಗುರವಾಗಿ ತಳ್ಳಿಹಾಕುವುದಂತೂ ತರವಲ್ಲ. ಇಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಅದೇ ಸಮುದಾಯದವರು ಲಂಟಾನದ ಕೋಲುಗಳನ್ನು ಕಡಿದು, ಬೇಯಿಸಿ, ಸಿಪ್ಪೆ ತೆಗೆದು, ಬೆತ್ತದ ಬದಲಿಗೆ ಕುರ್ಚಿ ಮೇಜುಗಳಿಗೆ ಬಳಸುತ್ತಿದ್ದಾರೆ. ಅದು ಸ್ತುತ್ಯವೇ. ಆದರೆ ಹೂವಿನ ಸೊಬಗನ್ನು ಕಂಡವರು ಬಂಗಲೆಯವರು, ಬೇರು ಕೀಳುವ ಪಾಡು ಬೆಟ್ಟದವರದು ಎಂಬುದನ್ನು ಮರೆಯಲಾಗದು.

ಲಂಟಾನವೊಂದೇ ಇಂಥದ್ದಲ್ಲ. ನೇರಳೆ ಹೂವಿಗಾಗಿ ದಕ್ಷಿಣ ಅಮೆರಿಕದಿಂದ ಬಂದ, ಜನರು ಅಂತರಗಂಗೆಯೆಂದೇ ಕರೆಯುವ ತೇಲುವ ಜಲಕಳೆ ಕೆರೆಗಳನ್ನು ಮುಚ್ಚಿತು. ೧೯೮೦ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಅದನ್ನು ತಿನ್ನುವ ಸೊಂಡಿಲುಹುಳುಗಳನ್ನು ಹೊರದೇಶದಿಂದ ತರಿಸಿ ಬಿಡಬೇಕಾಯಿತು. ಕಕ್ಕೆಯ ದಾಯಾದಿಯಂತೆ ಕಾಣುವ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರ ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಹರಡಿದೆ. ಸದಾ ಹಸಿರಾದ ಕೋನೋಕಾರ್ಪಸ್ ಗಿಡವನ್ನು ನೆಡುವುದನ್ನು ಗುಜರಾತ್ ಸರಕಾರ ೨೦೨೩ರಲ್ಲಿ ನಿಷೇಧಿಸಿತು. ಪರಾಗದಿಂದ ಆರೋಗ್ಯಕ್ಕೂ ಬೇರುಗಳಿಂದ ನೆಲದೊಳಗಿನ ಕೊಳವೆಗಳಿಗೂ ಹಾನಿಯೆಂಬುದು ಅದಕ್ಕೆ ಕೊಟ್ಟ ಕಾರಣ.

ಈ ಗಿಡಗಳನ್ನು ಮಾರುವಾಗ ಹೇಳುವ ಗುಣಗಳನ್ನು ಗಮನಿಸಬೇಕು: ನೀರು ಹೆಚ್ಚು ಬೇಡ, ದನ ಬಾಯಿ ಹಾಕದು, ಕಡಿದರೂ ಚಿಗುರುವುದು, ಬೇಗ ಹಬ್ಬುವುದು. ತೋಟದಲ್ಲಿ ಗುಣವೆನಿಸಿದ ಇವೇ ತೋಟದ ಹೊರಗೆ ಮಾರಿಯಾಗುತ್ತವೆ. ಶಾಲೆಗಳಿಗೆ ಸಸಿಗಳನ್ನು ಕೊಡುಗೆಯಾಗಿ ನೀಡುವ ಉದಾರಿಗಳು ನೂರಾರು ಗಿಡಗಳನ್ನು ಒಮ್ಮೆಗೇ ಕೊಳ್ಳುವವರಾದ್ದರಿಂದ ಈ ಮಾತು ಅವರಿಗೆ ವಿಶೇಷವಾಗಿ ಸಲ್ಲುತ್ತದೆ. ದಾನವಾಗಿ ಬಂದುದನ್ನು ಬೇಡವೆನ್ನಲು ಮುಖ್ಯೋಪಾಧ್ಯಾಯರಿಗೆ ಸಂಕೋಚ. ಸಮಾರಂಭದ ದಿನ ಗುಂಡಿ ತೋಡಿ ಆಗಿರುತ್ತದೆ. ಆದುದರಿಂದ ಸಸಿಯನ್ನು ಕೊಳ್ಳುವ ಮೊದಲೇ, ಇದರ ಬೀಜ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಲೇಸು.

ದನ ಮುಟ್ಟದ ಬೇಲಿಯೇ ಬೇಕೆಂದಾದರೆ ಅದಕ್ಕೆ ಪರದೇಶದ ಹಂಗಿಲ್ಲ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಅಪವಾದದಂತಿರುವ ಆಡುಸೋಗೆ ಇದೆ, ಲಕ್ಕಿ ಇದೆ. ಲಕ್ಕಿಯ ಎಲೆಯನ್ನು ರೈತರು ಕಾಳಿಗೆ ಹುಳು ಬೀಳದಂತೆ ಬೆರೆಸಿಡುತ್ತಾರೆ, ಅದರ ಬರಲಿನಿಂದ ಬುಟ್ಟಿ ಹೆಣೆಯುತ್ತಾರೆ. ಇವುಗಳನ್ನು ನರ್ಸರಿಗಳಲ್ಲಿ ಕೇಳಿದರೆ ಸಿಗುವುದು ಅಪರೂಪ, ಏಕೆಂದರೆ ಕೇಳುವವರೇ ಅಪರೂಪ. ಆದರೆ ಹಳ್ಳದ ದಂಡೆಯ ಲಕ್ಕಿಯಿಂದ ಗೇಣುದ್ದದ ಬಲಿತ ಕಡ್ಡಿಗಳನ್ನು ಕಡಿದು ತಂದು, ಮುಂಗಾರು ಹಿಡಿದ ವಾರದಲ್ಲಿ ವಿದ್ಯಾರ್ಥಿಗಳ ಕೈಯಿಂದ ಬೇಲಿಯ ಸಾಲಿಗೆ ಚುಚ್ಚಿಸಿದರೆ, ಕಾಸಿನ ವೆಚ್ಚವಿಲ್ಲದೆ ಅವು ಬೇರೂರುತ್ತವೆ.