ಮನೆಯ ಹಿಂದಿನ ಹಾದಿ, ಜೊತೆಗೊಂದು ನಾಯಿ

ಪಶ್ಚಿಮಘಟ್ಟದ ಮಾತು ಬಂದಾಗಲೆಲ್ಲ ಮಲೆನಾಡಿಗರ ಕಣ್ಣು ದೂರದ ಗಿರಿಶಿಖರಗಳತ್ತ ಹೊರಳುತ್ತದೆ. ಗಾಡ್ಗೀಳ್ ಸಮಿತಿಯ ವರದಿ 2011ರಲ್ಲಿ ಬಂತು, ಕಸ್ತೂರಿರಂಗನ್ ಸಮಿತಿಯದು 2013ರಲ್ಲಿ. ನಡುವೆ, 2012ರಲ್ಲಿ, ಘಟ್ಟಸಾಲಿನ 39 ತಾಣಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಕ್ಷೆ, ವಲಯ, ಗಡಿಗೆರೆಗಳ ಕುರಿತು ಊರೂರಿನಲ್ಲಿ ವಾಗ್ವಾದ ನಡೆಯಿತು. ಆ ಚರ್ಚೆ ಅಗತ್ಯವಾದದ್ದೇ. ಆದರೆ ಅಡಿಗೆಮನೆಯ ಹಿಂಬಾಗಿಲಿನಿಂದ ಕೆರೆದಂಡೆಯವರೆಗೆ, ಅಲ್ಲಿಂದ ಸೊಪ್ಪಿನಬೆಟ್ಟದ ಅಂಚಿನವರೆಗೆ ಇರುವ ನೆಲ ಯಾವ ಪಟ್ಟಿಯಲ್ಲೂ ಇಲ್ಲ. ಅದಕ್ಕೆ ಕಾವಲುಗಾರನೂ ಇಲ್ಲ, ವರದಿಗಾರನೂ ಇಲ್ಲ. ಅದನ್ನು ದಿನವೂ ಕಂಡು ಬಲ್ಲವರಿದ್ದರೆ ಮಾತ್ರ ಅದು ಉಳಿದೀತು. ಹಾಗೆ ಬಲ್ಲವರಾಗಲು ಖರ್ಚಿಲ್ಲದ ಒಂದು ದಾರಿಯಿದೆ: ಮನೆಯ ನಾಯಿಯ ಕೊರಳಿಗೆ ಹಗ್ಗ ಕಟ್ಟಿ, ನಿತ್ಯ ಅರ್ಧ ಗಂಟೆ ಅದರ ಜೊತೆ ನಡೆಯುವುದು.

ಇದನ್ನು ಕೇಳಿ ನಗುವವರುಂಟು. ನಾಯಿಯನ್ನು ತಿರುಗಾಡಿಸುವುದು ಪೇಟೆಯವರ ಷೋಕಿ. ಬೆಳಗಿನಿಂದ ಸಂಜೆಯವರೆಗೆ ತೋಟ ಗದ್ದೆ ಸುತ್ತುವ ರೈತನಿಗೆ ಬೇರೆ ನಡಿಗೆ ಯಾಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಆದರೆ ಕೆಲಸಕ್ಕೆ ಹೋಗುವವನ ಕಣ್ಣು ಕೆಲಸವನ್ನೇ ಹುಡುಕುತ್ತದೆ. ಕೊಳೆರೋಗ ಬಂದ ಅಡಿಕೆಗೊನೆ ಕಾಣುತ್ತದೆ, ಅದೇ ಮರದ ಕಾಂಡಕ್ಕೆ ಅಂಟಿದ ಕಲ್ಲುಹೂವು ಕಾಣುವುದಿಲ್ಲ. ಮಲೆನಾಡಿನ ಬಹುಪಾಲು ಮನೆಗಳಲ್ಲಿ ನಾಯಿಯ ಬಾಳೂ ಕೆಲಸವೇ: ಹಗಲು ಸರಪಳಿ, ರಾತ್ರಿ ಕಾವಲು. ಇಬ್ಬರಿಗೂ ದಿನದಲ್ಲಿ ಅರ್ಧ ಗಂಟೆಯ ಬಿಡುವು ಸಲ್ಲಬೇಕಾದ ಪಾಲು.

ನಾಯಿಯ ಜೊತೆ ನಡೆಯುವುದರ ಲಾಭವೆಂದರೆ ಅದು ಮನುಷ್ಯನನ್ನು ನಿಲ್ಲಿಸುತ್ತದೆ. ಉಸಿರೆಳೆದಾಗ ಗಾಳಿಯ ಒಂದು ಪಾಲು ಅದರ ಮೂಗಿನ ಹಿಂಭಾಗದಲ್ಲಿ ವಾಸನೆ ಹಿಡಿಯುವ ಜಾಗಕ್ಕೆ ಪ್ರತ್ಯೇಕವಾಗಿ ಹೋಗುತ್ತದೆ. ಬಿಟ್ಟ ಉಸಿರು ಹೊಳ್ಳೆಯ ಬದಿಯ ಸೀಳಿನಿಂದ ಹೊರಬೀಳುವುದರಿಂದ ಮುಂದಿನ ವಾಸನೆ ಕದಡುವುದಿಲ್ಲ. ರಾತ್ರಿ ಹಾದುಹೋದ ಮುಳ್ಳುಹಂದಿ, ಮೊಲ, ಪುನುಗುಬೆಕ್ಕುಗಳ ಸುದ್ದಿಯೆಲ್ಲ ಅದಕ್ಕೆ ನೆಲದ ಮೇಲೆಯೇ ಸಿಗುತ್ತದೆ. ಅದು ಕಲ್ಲೊಂದರ ಬಳಿ ಮೂಗು ಹಚ್ಚಿ ನಿಂತಿತೆಂದರೆ ಬಗ್ಗಿ ನೋಡಬೇಕು. ಅಲ್ಲಿ ಬಗನಿ ಬೀಜಗಳಿಂದ ತುಂಬಿದ ಪುನುಗುಬೆಕ್ಕಿನ ಹಿಕ್ಕೆ ಇದ್ದೀತು. ಹಣ್ಣು ತಿಂದು ಬೀಜವನ್ನು ದೂರ ಒಯ್ದು ಬಿಡುವ ಆ ನಿಶಾಚರಿಯೇ ಬೆಟ್ಟದ ಬಗನಿಮರಗಳನ್ನು ಬಿತ್ತುವ ಕೃಷಿಕ. ಪಠ್ಯಪುಸ್ತಕದಲ್ಲಿ ಬೀಜಪ್ರಸಾರ ಎಂದು ಓದಿದ ವಿದ್ಯಾರ್ಥಿಗೆ ಅದರ ಅರ್ಥ ಅಂಥ ಕಲ್ಲಿನ ಮೇಲೆ ಸಿಗುತ್ತದೆ.

ಮೊದಲ ಮಳೆಗೆ ಏಳುವ ಮಣ್ಣಿನ ಕಂಪೂ ಇಂಥದೇ ಒಂದು ಪಾಠ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ವಸ್ತುವೇ ಆ ಕಂಪಿಗೆ ಮುಖ್ಯ ಕಾರಣ. ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ನೆಲಜೀವಿಗಳು ಈ ವಾಸನೆಯನ್ನು ಹಿಡಿದು ಬರುತ್ತವೆ, ಸೂಕ್ಷ್ಮಜೀವಿಗಳನ್ನು ತಿನ್ನುತ್ತವೆ, ಅವುಗಳ ಬೀಜಕಣಗಳನ್ನು ಬೇರೆಡೆಗೆ ಹೊತ್ತೊಯ್ಯುತ್ತವೆ ಎಂದು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಮನುಷ್ಯನಿಗೆ ಹಿತವೆನಿಸುವ ಪರಿಮಳ ಮಣ್ಣಿನೊಳಗಿನ ಜೀವಿಗಳಿಗೆ ಊಟದ ಕರೆ.

ಒಂದೇ ಹಾದಿಯನ್ನು ವರ್ಷವಿಡೀ ನಡೆದವರಿಗೆ ಆ ಹಾದಿಯೇ ಪಂಚಾಂಗವಾಗುತ್ತದೆ. ಚಳಿ ಇಳಿಯುವ ಹೊತ್ತಿಗೆ ಎಲೆ ಉದುರಿಸಿ ನಿಂತ ಹಾಲುವಾಣದಲ್ಲಿ ಕೆಂಪು ಹೂ, ಅದರ ಮಕರಂದಕ್ಕೆ ಕಾಜಾಣ, ಮೈನಾಗಳ ಜಗಳ. ಬಿಸಿಲೇರಿದಂತೆ ಕುಟುರನ ಬಿಡುವಿಲ್ಲದ ಕೂಗು, ಮತ್ತಿಮರದಲ್ಲಿ ಎಲೆ ಹೆಣೆಯುವ ಚಗಳಿ. ಮುಂಗಾರಿನ ಹೊಸ್ತಿಲಲ್ಲಿ ಕೊಂಬೆಯಿಂದ ಇಳಿಬಿದ್ದ ಸೀತಾಳೆ ದಂಡೆ. ಮಳೆ ಹಿಡಿದ ಮೇಲೆ ಹುತ್ತದಿಂದ ಏಳುವ ರೆಕ್ಕೆಯ ಗೆದ್ದಲು, ಅದೇ ಹುತ್ತದ ಮೇಲೆ ಅಣಬೆ. ಗೌರಿಹಬ್ಬಕ್ಕೆ ಬೇಲಿಯ ಮೇಲೆ ಗೌರಿಹೂ. ಮಳೆ ಹಿಂದೆ ಸರಿದ ಮೇಲೆ ಉತ್ತರದಿಂದ ವಲಸೆ ಬರುವ ನವರಂಗ ಹಕ್ಕಿ, ತರಗೆಲೆ ಕೆದಕುತ್ತ ಕಾಫಿಗಿಡಗಳ ನೆರಳಿನಲ್ಲಿ. ಇವನ್ನು ನೋಡಲು ಜೀಪು ಬೇಡ, ಟಿಕೇಟು ಬೇಡ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಮತ್ತು 'ಪರಿಸರದ ಕತೆ' ಓದಿದವರಿಗೆ ಕಿವಿ ಎಂಬ ನಾಯಿಯ ಪರಿಚಯವಿದೆ. ಮೂಡಿಗೆರೆಯ ತೋಟದ ಸುತ್ತಲಿನ ಲೋಕವೇ ಅಷ್ಟು ದೊಡ್ಡ ಬರವಣಿಗೆಗೆ ಸಾಕಾಯಿತೆಂಬುದನ್ನು ಮರೆಯಬಾರದು.

ಸಂತೋಷದ ಜೊತೆಗೆ ಎಚ್ಚರವೂ ಈ ನಡಿಗೆಯಿಂದ ಹುಟ್ಟುತ್ತದೆ. ಗದ್ದೆಬದುವಿಗೆ ಕಳೆನಾಶಕ ಹೊಡೆದ ಮೇಲೆ ಹುಲ್ಲಿನೊಡನೆ ಒಂದೆಲಗವೂ ಸಾಯುತ್ತದೆ. ತಂಬುಳಿಗೆ ಸೊಪ್ಪು ಸಿಗದಾಗ ಮನೆಯವರಿಗೆ ಅದು ತಿಳಿಯುತ್ತದೆ. ದಿನವೂ ನಡೆಯುವವನಿಗೆ ಮೊದಲೇ ತಿಳಿಯುತ್ತದೆ, ಯಾಕೆಂದರೆ ಅದೇ ಬದುವಿನಲ್ಲಿ ನಡೆದ ನಾಯಿ ಮನೆಗೆ ಬಂದು ತನ್ನ ಪಾದ ನೆಕ್ಕುತ್ತದೆ. ಲಕ್ಕಿಗಿಡ, ಹಾಲುವಾಣಗಳ ಜೀವಂತ ಬೇಲಿ ಹೋಗಿ ತಂತಿಬೇಲಿ ಬಂದಲ್ಲಿ ಪಿಕಳಾರಕ್ಕೆ ಗೂಡು ಕಟ್ಟುವ ಎಡೆಯಿಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಆ ಬೆಟ್ಟದಲ್ಲಿ ಮರ ವಿರಳವಾಗಿ ಲಂಟಾನ ಹಬ್ಬುತ್ತಿದೆಯೇ, ಕೆರೆಗೆ ಬರುವ ಕಾಲುವೆಯಲ್ಲಿ ಮಣ್ಣು ತುಂಬುತ್ತಿದೆಯೇ ಎಂಬುದನ್ನು ಅಧಿಕಾರಿ ಬಂದು ಹೇಳುವ ಮೊದಲು ಊರಿನವರು ಹೇಳುವಂತಾಗಬೇಕು. ಇದ್ದದ್ದನ್ನು ಕಂಡವನಿಗೆ ಮಾತ್ರ ಇಲ್ಲವಾದದ್ದು ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಹಗ್ಗದ ಮಾತನ್ನು ಬಿಡುವಂತಿಲ್ಲ. ಕಾಡಂಚಿನಲ್ಲಿ ಬಿಟ್ಟ ನಾಯಿ ಪ್ರಕೃತಿಯ ಗೆಳೆಯನಲ್ಲ. ಟಿಟ್ಟಿಭ ಬರಿನೆಲದಲ್ಲಿ ಮೊಟ್ಟೆಯಿಡುತ್ತದೆ, ಕಾಡುಕೋಳಿ ಪೊದೆಯ ಬುಡದಲ್ಲಿ. ಎರಡಕ್ಕೂ ಅಲೆಯುವ ನಾಯಿ ಕಂಟಕ. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ ಕಾಡಿನ ಕೆನ್ನಾಯಿಗಳಿಗೂ ತಗಲುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಹಲವುಗಳಲ್ಲಿ ಇದೇ ರೋಗದ ವೈರಸ್ ಪತ್ತೆಯಾಗಿತ್ತು. ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ಶೇಕಡಾ 99ರಷ್ಟು ನಾಯಿಗಳ ಮೂಲಕ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವರ್ಷವರ್ಷವೂ. ಡಿಸ್ಟೆಂಪರ್ ಲಸಿಕೆಯನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ಹಾಕಿಸಬೇಕು.

ಮಲೆನಾಡಿನಲ್ಲಿ ಇನ್ನೊಂದು ಎಚ್ಚರವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಹೋಗಿಲ್ಲ. ಅದನ್ನು ಹರಡುವುದು ಉಣುಗು. ಚಳಿಗಾಲದಿಂದ ಮುಂಗಾರು ಹಿಡಿಯುವವರೆಗೆ ಅದರ ಕಾಟ. ಆ ತಿಂಗಳುಗಳಲ್ಲಿ ಕಾಯಿಲೆ ಇರುವ ಕಡೆ ಕಾಡಿನ ತರಗೆಲೆಯ ಹಾದಿ ಬಿಟ್ಟು ಗದ್ದೆ ಬಯಲಿನ ಹಾದಿ ಹಿಡಿಯಬೇಕು. ಮನೆಗೆ ಬಂದೊಡನೆ ನಾಯಿಯ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಉಣುಗು ಹುಡುಕಿ ತೆಗೆಯಬೇಕು. ತಾವೂ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕತ್ತಲಾಗುವ ಮೊದಲು ಹಿಂತಿರುಗಬೇಕು, ಚಿರತೆಗೆ ನಾಯಿ ಸುಲಭದ ತುತ್ತು. ಇವು ಅಂಜಿಸುವ ಮಾತುಗಳಲ್ಲ. ನೆರೆಮನೆಗೆ ಹೋಗುವವರು ಅಲ್ಲಿಯ ರೀತಿನೀತಿ ಅರಿತು ಹೋಗುವಂತೆ, ಇದೂ ಅಷ್ಟೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಹಾದಿ ಒಂದೇ ಇರಲಿ, ಹೊತ್ತು ಒಂದೇ ಇರಲಿ, ಕೈಯಲ್ಲೊಂದು ನೋಟುಪುಸ್ತಕವಿರಲಿ. ದಿನಾಂಕ, ಮಳೆಯ ನಕ್ಷತ್ರ, ಅರಳಿದ ಹೂ, ಕೇಳಿದ ಕೂಗು, ನಾಯಿ ನಿಂತ ಜಾಗ ಇಷ್ಟನ್ನು ಬರೆದರೆ ಸಾಕು. ಹೆಸರು ಗೊತ್ತಿಲ್ಲದ ಹಕ್ಕಿಯನ್ನು ಬಣ್ಣ ಬರೆದಿಟ್ಟು ಅಜ್ಜ ಅಜ್ಜಿಯರನ್ನು ಕೇಳಬೇಕು. ಐದು ವರ್ಷ ಬರೆದ ಅಂಥ ಪುಸ್ತಕ ಗ್ರಾಮಸಭೆಯ ಮುಂದೆ ಇಡಬಹುದಾದ ಸಾಕ್ಷ್ಯ. 2002ರ ಜೀವವೈವಿಧ್ಯ ಕಾಯಿದೆಯಂತೆ ಊರಿನ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವ ಹೊಣೆ ಸ್ಥಳೀಯ ಸಮಿತಿಗಳದು. ಆ ದಾಖಲೆಗೆ ಜೀವ ತುಂಬಬಲ್ಲದ್ದು ಮಕ್ಕಳ ಈ ನೋಟುಪುಸ್ತಕವೇ.

ಘಟ್ಟದ ಉಳಿವಿಗೆ ಕಾನೂನು ಬೇಕು, ಹೋರಾಟವೂ ಬೇಕು. ಆದರೆ ತಾನು ಪ್ರೀತಿಸದ ನೆಲಕ್ಕಾಗಿ ಯಾರೂ ಬಹುಕಾಲ ಹೋರಾಡಲಾರರು, ಮತ್ತು ದಿನವೂ ಕಾಣದ್ದರ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಮಲೆನಾಡಿನ ಪ್ರತಿ ಮನೆಯ ಜಗಲಿಯ ಬುಡದಲ್ಲಿ, ಸರಪಳಿಗೆ ಕಟ್ಟಿಸಿಕೊಂಡು, ಹೊರಡಲು ಸಿದ್ಧವಾಗಿ ಒಬ್ಬ ಮಾರ್ಗದರ್ಶಿ ಕಾದಿದ್ದಾನೆ. ಅವನನ್ನು ಇಂದು ಸಂಜೆಯೇ ಹೊರಗೆ ಕರೆದೊಯ್ಯಬಹುದು.