ಸಿನಿಮಾಕ್ಕೆ ಬರೆಯುವವರ ಹೊಟ್ಟೆಪಾಡು

ಪಿಯುಸಿ ಫಲಿತಾಂಶ ಬಂದ ವಾರ ವಿಜಯಪುರ ಜಿಲ್ಲೆಯ ಯಾವುದೋ ಒಂದು ಮನೆಯ ಕಟ್ಟೆಯ ಮೇಲೆ ಇಂಥ ಮಾತು ನಡೆದರೆ ಆಶ್ಚರ್ಯವಿಲ್ಲ.

“ಯಪ್ಪಾ, ನಾ ಸಿನಿಮಾಕ್ಕ ಕತಿ ಬರೀಬೇಕಂತ ಮಾಡೀನಿ.”

“ಬರಿಯಪ್ಪಾ, ಬ್ಯಾಡ ಅಂದವ್ರ್ಯಾರು? ಆದ್ರ ಹೊಟ್ಟಿಗೇನ್ ತಿಂತಿ?”

ಅಪ್ಪನ ಪ್ರಶ್ನೆಯಲ್ಲಿ ತಪ್ಪಿಲ್ಲ, ಮಗನ ಆಸೆಯಲ್ಲೂ ತಪ್ಪಿಲ್ಲ. ಇಬ್ಬರೂ ಒಂದು ದಿನ ಬಿಡುವು ಮಾಡಿಕೊಂಡು ಹಲಸಂಗಿಯ ಕಥೆ ಕೇಳಬೇಕು. ಇಂಡಿ ಸೀಮೆಯ ಈ ಊರಿನಲ್ಲಿ ಸುಮಾರು ನೂರು ವರ್ಷಗಳ ಹಿಂದೆ ಕೆಲವು ತರುಣರು ಸೇರಿ ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಳ್ಳತೊಡಗಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾ ಇವರನ್ನೇ ನಾಡು ಮುಂದೆ ‘ಹಲಸಂಗಿ ಗೆಳೆಯರು’ ಎಂದು ಕರೆಯಿತು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಬಂತು. ಹಾಡು ಬರೆದುಕೊಳ್ಳುವುದಕ್ಕೆ ಅವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಸಿಂಪಿ ಲಿಂಗಣ್ಣನವರು ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿದರು.

ಇವರಾರೂ ಸಿನಿಮಾಕ್ಕೆ ಬರೆಯಹೊರಟವರಲ್ಲ. ಆದರೆ ಚಿತ್ರಕಥೆ ಬರೆಯಬೇಕೆನ್ನುವವರಿಗೆ ಮೊದಲು ಬೇಕಾದ ಎರಡು ಸಂಗತಿಗಳು ಅವರಲ್ಲಿದ್ದವು. ಒಂದು, ಜನ ಆಡುವ ಮಾತನ್ನು ತಿದ್ದದೆ ಕೇಳುವ ಕಿವಿ. ಇನ್ನೊಂದು, ಬರವಣಿಗೆ ಅನ್ನ ಕೊಡುವವರೆಗೆ ಅನ್ನ ಕೊಡುವ ಬೇರೊಂದು ಉದ್ಯೋಗ.

ಕಿವಿಯ ಮಾತು ಮೊದಲು. ನಮ್ಮ ಚಿತ್ರಗಳಲ್ಲಿ ಉತ್ತರ ಕರ್ನಾಟಕದ ಮಾತು ಬಹುಕಾಲ ನಗಿಸುವುದಕ್ಕಷ್ಟೇ ಬಂದು ಹೋಗುತ್ತಿತ್ತು. ಆಳುಮಗ ಆಡಿದರೆ ಸರಿ, ನಾಯಕ ಆಡುವಂತಿರಲಿಲ್ಲ. ಹೀಗಾಗಿ ಈ ಭಾಗದ ಹುಡುಗರು ಕಥೆ ಬರೆಯಲು ಕೂತ ಕೂಡಲೇ ಮನೆಯ ಮಾತು ಬಿಟ್ಟು ಮೈಸೂರಿನ ಮಾತಿಗೆ ತಡಕಾಡುತ್ತಾರೆ, ಅದೂ ಕೈಗೆ ಹತ್ತುವುದಿಲ್ಲ. 1990ರ ‘ಸಂತ ಶಿಶುನಾಳ ಶರೀಫ’, 1997ರ ‘ನಾಗಮಂಡಲ’ ಚಿತ್ರಗಳನ್ನು ಅವರು ಒಮ್ಮೆ ನೋಡಬೇಕು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಈ ಎರಡಕ್ಕೂ ಸಂಭಾಷಣೆ ಬರೆದವರು ಗೋಪಾಲ ವಾಜಪೇಯಿ. ಇವರೂ ಹುಬ್ಬಳ್ಳಿಯಲ್ಲಿ ಪತ್ರಕರ್ತರಾಗಿ ದುಡಿಯುತ್ತಲೇ ನಾಟಕಕ್ಕೆ, ಸಿನಿಮಾಕ್ಕೆ ಬರೆದವರು. ಅಲ್ಲಿ ಈ ಸೀಮೆಯ ಮಾತು ಅಳುತ್ತದೆ, ಸಿಟ್ಟಾಗುತ್ತದೆ, ಪ್ರೀತಿ ಮಾಡುತ್ತದೆ.

ಕಥೆ, ಚಿತ್ರಕಥೆ, ಸಂಭಾಷಣೆ ಮೂರೂ ಬೇರೆ ಬೇರೆ ಕೆಲಸಗಳು. ಒಬ್ಬರೇ ಮಾಡುವುದುಂಟು, ಮೂವರು ಹಂಚಿಕೊಳ್ಳುವುದೂ ಉಂಟು. ಚಿತ್ರಕಥೆ ಎಂದರೆ ಕಥೆಯನ್ನು ದೃಶ್ಯಗಳಾಗಿ ಕತ್ತರಿಸಿ ಜೋಡಿಸುವುದು. ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ಪ್ರತಿ ದೃಶ್ಯದ ತಲೆಯ ಮೇಲೆ ಬರೆಯಬೇಕು. ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ರೂಢಿಯ ಲೆಕ್ಕ. ಎರಡು ಗಂಟೆಯ ಚಿತ್ರಕ್ಕೆ 120 ಪುಟ ಆಯಿತು.

ವಿಜ್ಞಾನ ಓದಿದ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಪ್ರಯೋಗದ ನೋಟ್‌ಬುಕ್ಕಿನಲ್ಲಿ ‘ವೀಕ್ಷಣೆ’ ಬೇರೆ, ‘ತೀರ್ಮಾನ’ ಬೇರೆ. ನೀಲಿ ಲಿಟ್ಮಸ್ ಕೆಂಪಾಯಿತು ಎಂಬುದು ವೀಕ್ಷಣೆ, ದ್ರಾವಣ ಆಮ್ಲ ಎಂಬುದು ತೀರ್ಮಾನ. ಚಿತ್ರಕಥೆಗಾರ ವೀಕ್ಷಣೆಯನ್ನು ಮಾತ್ರ ಬರೆಯಬೇಕು. ‘ರೈತನಿಗೆ ಚಿಂತೆಯಾಯಿತು’ ಎಂದು ಬರೆದರೆ ಕ್ಯಾಮೆರಾದವನು ಏನನ್ನು ಹಿಡಿಯಬೇಕು? ರೈತ ಬ್ಯಾಂಕಿನ ನೋಟೀಸನ್ನು ಮಡಿಚಿ ಜೇಬಿಗಿಟ್ಟ, ಮತ್ತೆ ತೆಗೆದು ನೋಡಿದ, ಮುಂದಿಟ್ಟ ಚಹಾ ಆರಿ ಕೆನೆ ಕಟ್ಟಿತು. ಇಷ್ಟು ಬರೆದರೆ ಸಾಕು, ತೀರ್ಮಾನ ನೋಡುವವರದು. ಎಷ್ಟೋ ಜನ ಹತ್ತು ವರ್ಷ ಬರೆದರೂ ತೀರ್ಮಾನದ ಕಾಲಮ್ಮಿನಲ್ಲೇ ಇರುತ್ತಾರೆ.

ಹಳ್ಳಿಯವರಿಗೆ ಇದು ದಕ್ಕೀತೇ ಎಂಬ ಅನುಮಾನವಿದ್ದರೆ ‘ತಿಥಿ’ ಚಿತ್ರದ ಈರೇಗೌಡರನ್ನು ನೆನೆಯಬಹುದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಇವರು ನಿರ್ದೇಶಕ ರಾಮ್ ರೆಡ್ಡಿಯವರ ಜೊತೆ ಸೇರಿ ತಮ್ಮೂರಿನ ಜನ, ತಮ್ಮೂರಿನ ಮಾತನ್ನೇ ಇಟ್ಟುಕೊಂಡು ಬರೆದರು. ನಟಿಸಿದವರೂ ಅಲ್ಲಿಯ ಜನರೇ. 2015ರಲ್ಲಿ ಆ ಚಿತ್ರಕ್ಕೆ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಬಂತು. ಮಂಡ್ಯದ ಹಳ್ಳಿಯ ಮಾತು ಅಲ್ಲಿಯವರಿಗೆ ಅಡ್ಡ ಬರಲಿಲ್ಲ.

ಇನ್ನು ಅಪ್ಪನ ಪ್ರಶ್ನೆ. ಸಿನಿಮಾದ ದುಡ್ಡು ಹಿಂಗಾರಿ ಮಳೆಯ ಹಾಗೆ, ಬಂದರೆ ಬಂತು. ಸಾಮಾನ್ಯವಾಗಿ ಕಂತುಗಳಲ್ಲಿ ಕೊಡುತ್ತಾರೆ, ಚಿತ್ರ ನಡುವೆ ನಿಂತರೆ ಕಂತೂ ನಿಲ್ಲುತ್ತದೆ. ತಿಂಗಳು ತಿಂಗಳು ಏನಾದರೂ ಕೈಗೆ ಬರುವುದು ಟಿವಿ ಧಾರಾವಾಹಿಯಲ್ಲಿ. ಅಲ್ಲಿ ದಿನಕ್ಕೊಂದು ಕಂತು ಬರೆಯಬೇಕು, ಜ್ವರ ಬಂದರೂ ಬರೆಯಬೇಕು. ಈಚೆಗೆ ಡಬ್ಬಿಂಗ್ ಚಿತ್ರಗಳಿಗೂ ಸಂಭಾಷಣೆ ಬರೆಯುವವರು ಬೇಕಾಗಿದ್ದಾರೆ. ತುಟಿಯ ಚಲನೆಗೆ ಮಾತು ಕೂಡಿಸುವ ಆ ಕೆಲಸ ಪದಬಂಧ ಬಿಡಿಸಿದಂತೆ. ಆದ್ದರಿಂದ ಮೊದಲು ಒಂದು ಪದವಿ ಮುಗಿಯಲಿ, ಅದು ಬಿ.ಎ. ಆಗಲಿ ಬಿ.ಎಸ್‌ಸಿ. ಆಗಲಿ. 1960ರಲ್ಲಿ ಆರಂಭವಾದ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಚಿತ್ರಕಥೆಗೆಂದೇ ಇರುವ ಕೋರ್ಸಿಗೂ ಪದವಿ ಬೇಕು, ಪ್ರವೇಶ ಪರೀಕ್ಷೆಯನ್ನೂ ಪಾಸಾಗಬೇಕು. ಗಾಂಧಿನಗರಕ್ಕೆ ರಾತ್ರಿ ಬಸ್ಸು ಹತ್ತುವುದಕ್ಕೆ ಮುಂಚೆ ಕೈಯಲ್ಲಿ ಒಂದು ಉದ್ಯೋಗವೋ, ಪೂರ್ತಿ ಬರೆದು ಮುಗಿಸಿದ ಎರಡು ಚಿತ್ರಕಥೆಗಳೋ ಇರಬೇಕು. ಎರಡೂ ಇದ್ದರೆ ಉತ್ತಮ.

ಮತ್ತೊಂದು ಭಯ, “ಕಥೆ ಹೇಳಿದರೆ ಕದ್ದಾರು” ಎಂಬುದು. ಇದಕ್ಕೆ ಸುಪ್ರೀಂ ಕೋರ್ಟು 1978ರಲ್ಲೇ ಒಂದು ತೀರ್ಪು ಕೊಟ್ಟಿದೆ. ‘ನ್ಯೂ ಡೆಲ್ಲಿ’ ಎಂಬ ಹಿಂದಿ ಚಿತ್ರ ತಮ್ಮ ನಾಟಕದ ನಕಲು ಎಂದು ಆರ್.ಜಿ. ಆನಂದ್ ಹೂಡಿದ ದಾವೆ ಅಲ್ಲಿ ಬಿದ್ದುಹೋಯಿತು. ಬರಿಯ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಬರೆದು ಮೂಡಿಸಿದ ರೂಪಕ್ಕೆ ಮಾತ್ರ ಉಂಟು. ಅಂದರೆ ಬಾಯಲ್ಲಿರುವ ಕಥೆ ಯಾರದೂ ಅಲ್ಲ. ಪೂರ್ತಿ ಬರೆದು, ತಾರೀಖು ಹಾಕಿ, ಮುಂಬಯಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನ ಸದಸ್ಯನಾಗಿ ಅಲ್ಲಿ ನೋಂದಾಯಿಸಬಹುದು. 2012ರ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಗಳಿಂದ ಬರುವ ರಾಯಧನದಲ್ಲಿ ತನ್ನ ಪಾಲನ್ನು ಲೇಖಕ ನಿರ್ಮಾಪಕನಿಗೆ ಬಿಟ್ಟುಕೊಡುವಂತಿಲ್ಲ. ಕಾಗದದ ಮೇಲಿನ ಹಕ್ಕು ಕೈಗೆ ಬರುವುದು ಬೇರೆ ಮಾತು, ಆದರೂ ಕರಾರಿಗೆ ಸಹಿ ಮಾಡುವ ಮೊದಲು ಓದಬೇಕು. ಓದಲು ಅರ್ಥವಾಗದಿದ್ದರೆ ಊರಿನ ವಕೀಲರಿಗೆ ತೋರಿಸಬೇಕು.

ಈ ರಜೆಗೆ ಒಂದು ಮನೆಗೆಲಸ. ಕಟ್ಟೆಯ ಮೇಲಿನ ಆ ಅಪ್ಪ-ಮಗನ ಮಾತನ್ನು ಎರಡು ಪುಟದ ದೃಶ್ಯವಾಗಿ ಬರೆಯಿರಿ. ‘ಸಿಟ್ಟು’, ‘ದುಃಖ’, ‘ಬೇಸರ’ ಈ ಮೂರು ಪದಗಳನ್ನು ಎಲ್ಲಿಯೂ ಬಳಸಬಾರದು. ಬರೆದಾದ ಮೇಲೆ ಅಪ್ಪನ ಎದುರು ಕೂತು ಗಟ್ಟಿಯಾಗಿ ಓದಿ. “ನಾ ಎಂದ ಹಿಂಗ ಅಂದೇನೋ?” ಎಂದು ಅವರು ಕೇಳಿದ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಅದನ್ನು ಮತ್ತೆ ಬರೆಯಿರಿ.