ಅಡಿಗೆಮನೆಯಲ್ಲಿ ಪ್ರಯೋಗ

ಅಡಿಗೆಯಲ್ಲಿ ಹೊಸತನ್ನು ಮಾಡಿ ನೋಡುವದು ಹಿರಿಯರ ಪದ್ಧತಿಗೆ ವಿರುದ್ಧವೆಂದು ಕೆಲವರು ಹೇಳುವದುಂಟು. ನಾವು ಇದನ್ನು ಒಪ್ಪಲಾರೆವು. ನಮ್ಮ ಸಾರಿಗೆ ಜೀವವಾದ ಮೆಣಸಿನಕಾಯಿಯೂ ಟೊಮೆಟೋ ಹಣ್ಣೂ ಅಮೇರಿಕಾ ಖಂಡದವು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದ ತರುವಾಯವೇ ಅವು ಈ ದೇಶವನ್ನು ಸೇರಿದವು. ಅವುಗಳನ್ನು ಗೊಜ್ಜು ಚಟ್ನಿಗಳಿಗೆ ಹೊಂದಿಸಿದ ಅಜ್ಜಿಯರು ಪ್ರಯೋಗವನ್ನೇ ಮಾಡಿದರಲ್ಲವೇ?

ಆದರೆ ಪ್ರಯೋಗಕ್ಕೆ ಕ್ರಮವು ಬೇಕು. ಟೊಮೆಟೋ ಸಾಸನ್ನು ಮನೆಯಲ್ಲಿ ಮಾಡುವವರು ಮೊದಲು 1 ಕಿಲೋ ಹಣ್ಣನ್ನು ಮಾತ್ರ ಬೇಯಿಸಿ, ಸೋಸಿ, ರಸವು ಅರ್ಧಕ್ಕಿಳಿಯುವ ತನಕ ಕುದಿಸಲಿ. ಹುಳಿಯು ತಾಮ್ರವನ್ನು ಕರಗಿಸುವದರಿಂದ ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯು ಬೇಡ. ಶುಂಠಿ, ಲವಂಗ, ಮೆಣಸುಗಳನ್ನು ರುಚಿಯಂತೆ ಬದಲಿಸಬಹುದು. ಸಾಸು ಕೆಡದಂತೆ ಕಾಯುವ ವಿನೆಗರನ್ನು ಕಡಿಮೆಮಾಡಲಾಗದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಅಳತೆಯನ್ನು ಬರೆದಿಟ್ಟರೆ ರುಚಿಯ ಕಾರಣವು ತಿಳಿಯುವದು.

ಅಂಗಡಿಯ ಸೀಸೆಯನ್ನು ಕೊಂಡು ತರುವದು ಸುಲಭವೇ. ಆದರೆ ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಕಲಿತವಳು ಒಲೆಯ ಮುಂದೆ ‘ಯಾಕೆ’ ಎಂದು ಕೇಳುವದನ್ನು ಬಿಟ್ಟರೆ ಆ ವಿದ್ಯೆಯು ಅವಳ ಬಾಳಿನೊಳಗೆ ಬರಲಿಲ್ಲವೆಂದೇ ನಮ್ಮ ಅಭಿಪ್ರಾಯವು. ಆದಕಾರಣ ತಂದೆತಾಯಿಗಳೇ, ಮಗಳ ಮೊದಲನೆಯ ಸಾಸು ಅತಿ ಹುಳಿಯಾದರೆ ನಗಬೇಡಿರಿ. ಎರಡನೆಯದನ್ನು ಮಾಡುವದಕ್ಕೆ ಹಣ್ಣು ತಂದುಕೊಡಿರಿ. ಮಗನ ಕೈಗೂ ಸೌಟನ್ನು ಕೊಡಿರಿ.